ಗದ್ದೆ, ತೋಟದ ಮೇಲೆ ಸಿಂಪಡಣೆ ಡ್ರೋನ್: ತಂತಿ, ಗಾಳಿ, ಬಾವಿ ಮತ್ತು ಎತ್ತರದ ಲೆಕ್ಕ

ಪ್ರಶ್ನೆ: ನಾವು ಉಡುಪಿ ಜಿಲ್ಲೆಯ ಶಿರ್ವ ಕಡೆಯವರು. ಎರಡು ಎಕರೆ ಅಡಿಕೆ ತೋಟ, ಅದರ ಕೆಳಗೆ ಬೈಲಿನಲ್ಲಿ ಮೂರು ಎಕರೆ ಗದ್ದೆ ಇದೆ. ನಮ್ಮ ರೈತ ಉತ್ಪಾದಕ ಕಂಪನಿಯವರು 10 ಲೀಟರ್ ಟ್ಯಾಂಕಿನ ಸಿಂಪಡಣೆ ಡ್ರೋನ್ ತಂದಿದ್ದಾರೆ. ಮಗ ಪೈಲಟ್ ತರಬೇತಿ ಮುಗಿಸಿ ಅದನ್ನು ನಡೆಸಲು ಹೊರಟಿದ್ದಾನೆ. ತೋಟದ ಮೇಲಂಚಿನಲ್ಲಿ 11 ಕೆ.ವಿ. ಲೈನ್ ಹಾದುಹೋಗಿದೆ, ತೋಟದ ಬದಿಯಲ್ಲೇ ಕುಡಿಯುವ ನೀರಿನ ಬಾವಿ. ನೆರೆಮನೆಯವರದು ಮಲ್ಲಿಗೆ ಕೃಷಿ, ಜೇನುಪೆಟ್ಟಿಗೆಗಳೂ ಇವೆ. ಮರ ಹತ್ತುವವರು ಸಿಗುತ್ತಿಲ್ಲ, ಕೊಳೆರೋಗದ ಮದ್ದನ್ನೂ ಡ್ರೋನ್‌ನಲ್ಲೇ ಬಿಡಬಹುದೇ? ಇಷ್ಟು ತಗ್ಗಿನಲ್ಲಿ ಹಾರಿಸುವಾಗ ಅಪಾಯ ಯಾವ ಕಡೆಯಿಂದ ಬರುತ್ತದೆ, ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇವೆ. ಗದ್ದೆಗೆ ಡ್ರೋನ್ ಒಳ್ಳೆಯ ಸಾಧನ, ಕೆಳಗೆ ಹೇಳುವ ಕ್ರಮ ತಪ್ಪದಿದ್ದರೆ. ಅಡಿಕೆಯ ಕೊಳೆರೋಗಕ್ಕೆ ಬಳಸುವ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಅದರಲ್ಲಿ ಬಿಡಬೇಡಿ. ರೋಗವೂ ನಿಲ್ಲುವುದಿಲ್ಲ, ಡ್ರೋನೂ ಉಳಿಯುವುದಿಲ್ಲ. ಎಲೆಚುಕ್ಕಿ ರೋಗಕ್ಕೆಂದು ಅಡಿಕೆ ಮರಗಳ ತಲೆಯ ಮೇಲಿಂದ ಸಿಂಪಡಿಸುವ ಯೋಚನೆ ಇದ್ದರೆ, ಬಾವಿಯೂ ಮಲ್ಲಿಗೆಯೂ ಇಷ್ಟು ಹತ್ತಿರ ಇರುವ ಜಾಗದಲ್ಲಿ ಅದೂ ಬೇಡ.

ಎತ್ತರದಲ್ಲಿ ಹಾರುವ ವಿಮಾನಕ್ಕೆ ತೊಂದರೆ ಬಂದರೆ ಪೈಲಟ್‌ಗೆ ಯೋಚಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಬೆಳೆಯ ಮೇಲೆ ಎರಡು ಮೂರು ಮೀಟರಿನಲ್ಲಿ ಹಾರುವಾಗ ಆ ಹೊತ್ತೇ ಇಲ್ಲ. ಬೆಂಗಳೂರಿನ ಎಚ್‌ಎಎಲ್ 1970ರ ದಶಕದಲ್ಲಿ ‘ಬಸಂತ್’ ಎಂಬ ಸಿಂಪಡಣೆ ವಿಮಾನವನ್ನೇ ತಯಾರಿಸಿತ್ತು. ಪೈಲಟ್ ಒಳಗೆ ಕೂತು ನಡೆಸುವ ಇಂಥ ವಿಮಾನಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಕಾರಣಗಳಿಗೆ ಬಿದ್ದಿವೆ: ತಂತಿಗೆ ಬಡಿಯುವುದು, ಹೊಲದ ಅಂಚಿನಲ್ಲಿ ಬಿಗಿಯಾಗಿ ತಿರುಗುವಾಗ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು, ಭಾರ ಹೆಚ್ಚಾಗಿ ಮೇಲೇರಲಾಗದೆ ಹೋಗುವುದು, ಪೈಲಟ್‌ನ ದಣಿವು. ವಿಮಾನವೊಂದು ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ, ಅದು ಆಕಾಶದಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇ. 41ರಷ್ಟು ಏರುತ್ತದೆ, ನೆಲ ಹತ್ತಿರವಿದ್ದರೆ ಕುಸಿದ ಮೇಲೆ ಸುಧಾರಿಸಿಕೊಳ್ಳಲು ಜಾಗವಿಲ್ಲ.

ಇವುಗಳಲ್ಲಿ ನಮಗೆ ಹೆಚ್ಚು ಕಲಿಸುವುದು ತಂತಿ. ತಂತಿಗೆ ಬಡಿದ ಕೃಷಿ ವಿಮಾನಗಳ ಪ್ರಕರಣಗಳನ್ನು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಪರಿಶೀಲಿಸಿದಾಗ, ಶೇ. 60ಕ್ಕೂ ಹೆಚ್ಚು ಪೈಲಟ್‌ಗಳಿಗೆ ಆ ತಂತಿ ಅಲ್ಲಿರುವುದು ಮೊದಲೇ ಗೊತ್ತಿತ್ತು ಎಂದು ಕಂಡುಬಂತು. ಅಂದರೆ ಗೊತ್ತಿಲ್ಲದೆ ಬಡಿದವರಿಗಿಂತ ಗೊತ್ತಿದ್ದೂ ಬಡಿದವರೇ ಹೆಚ್ಚು. ಗಮನ ನಾಝಲ್ (ಮದ್ದು ಚಿಮ್ಮುವ ಮೂತಿ) ಕಡೆಗೆ, ಸಾಲಿನ ಕಡೆಗೆ, ಗಾಳಿಯ ಕಡೆಗೆ ಹೋದ ಒಂದೆರಡು ಕ್ಷಣದಲ್ಲಿ ತಂತಿ ಮರೆತುಹೋಗುತ್ತದೆ. ಹಾಗಾಗಿ ನಿಮ್ಮ ಮಗನಿಗೆ ‘ಮೇಲೆ ಲೈನ್ ಇದೆ, ಜಾಗ್ರತೆ’ ಎಂದು ಹೇಳಿದರೆ ಸಾಲದು. ಲೈನ್ ಇರುವ ಪಟ್ಟಿಯನ್ನು ಹಾರಾಟದ ನಕ್ಷೆಯಿಂದಲೇ ಕತ್ತರಿಸಿ ಹೊರಗಿಡಬೇಕು. ಮರೆತರೂ ಡ್ರೋನ್ ಅತ್ತ ಹೋಗದಂತೆ ಇರಬೇಕು.

ಡ್ರೋನ್‌ನಲ್ಲಿ ಲೆಕ್ಕ ಹೀಗಿದೆ. ಗದ್ದೆಯ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 4-5 ಮೀಟರ್ ವೇಗದಲ್ಲಿ ಹಾರಿಸುತ್ತಾರೆ. ಅಡ್ಡ ಏನೋ ಇದೆ ಎಂದು ಕಣ್ಣಿಗೆ ಬಿದ್ದು ಬೆರಳು ರಿಮೋಟ್‌ನ ಕೋಲನ್ನು ಎಳೆಯುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡ್ ಕಳೆದಿರುತ್ತದೆ, ಅಂದರೆ 4-7 ಮೀಟರ್. ತುಂಬಿದ ಟ್ಯಾಂಕಿನ ನೀರು ಮುಂದಕ್ಕೆ ತುಳುಕುವುದರಿಂದ ಪೂರ್ತಿ ನಿಲ್ಲಲು ಇನ್ನೂ 4-6 ಮೀಟರ್ ಬೇಕು. ಒಟ್ಟು 8-13 ಮೀಟರ್. ಇಷ್ಟು ದೂರದಿಂದ ಒಂದು ತೆಳು ತಂತಿಯನ್ನು, ಬೆಳಗಿನ ಬಿಸಿಲಿಗೆ ಎದುರಾಗಿ ನಿಂತು, ಗುರುತಿಸಲು ಯಾರಿಗೂ ಆಗುವುದಿಲ್ಲ. ಡ್ರೋನ್‌ನ ರಾಡಾರ್ ಮರ, ಗೋಡೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ತೆಳು ತಂತಿಯನ್ನು ಹಿಡಿಯುತ್ತದೆ ಎಂದು ನಂಬಬೇಡಿ, ಡಬ್ಬದ ಮೇಲೆ ಏನೇ ಬರೆದಿರಲಿ.

ಆದ್ದರಿಂದ ಹಾರಿಸುವ ಹಿಂದಿನ ದಿನ ಜಾಗವನ್ನು ಕಾಲಲ್ಲಿ ಸುತ್ತಬೇಕು. ತಂತಿಯನ್ನು ಹುಡುಕುವ ದಾರಿ ತಂತಿಯನ್ನು ನೋಡುವುದಲ್ಲ, ಕಂಬವನ್ನು ನೋಡುವುದು. ಒಂದು ಕಂಬ ಕಂಡರೆ ಅದರ ತಲೆಯ ಮೇಲಿನ ಅಡ್ಡಪಟ್ಟಿ ಯಾವ ದಿಕ್ಕಿಗಿದೆ ನೋಡಿ. ತಂತಿ ಅದಕ್ಕೆ ಅಡ್ಡವಾಗಿ ಹೋಗುತ್ತದೆ, ಮುಂದಿನ ಕಂಬ ಆ ದಿಕ್ಕಿನಲ್ಲಿರಬೇಕು. ಕಂಬದಿಂದ ಓರೆಯಾಗಿ ನೆಲಕ್ಕಿಳಿಯುವ ಸ್ಟೇ ವೈರ್ ಬೇರೆ. ಮನೆಗೆ, ಪಂಪ್‌ಶೆಡ್‌ಗೆ ಹೋದ ಸರ್ವಿಸ್ ವೈರ್ ಬೇರೆ. ನಮ್ಮ ಕಡೆ ಇವೆಲ್ಲಕ್ಕಿಂತ ಕೆಟ್ಟದ್ದು ಕೇಬಲ್ ಟಿವಿ ಮತ್ತು ಇಂಟರ್ನೆಟ್‌ನ ಕಪ್ಪು ಕೇಬಲ್: ಕಂಬವಿಲ್ಲದೆ ತೆಂಗಿನ ಮರದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಗದ್ದೆಯ ಆಚೆಯ ಹಲಸಿನ ಮರಕ್ಕೆ ಕಟ್ಟಿಕೊಂಡು ಹೋಗಿರುತ್ತಾರೆ. ಯಾವ ನಕ್ಷೆಯಲ್ಲೂ ಅದು ಇರುವುದಿಲ್ಲ, ಕಳೆದ ತಿಂಗಳು ಇಲ್ಲದ್ದು ಈ ತಿಂಗಳು ಇರಬಹುದು. ಹಾಗಾಗಿ ಹೊಸ ಸುತ್ತಿನ ಸಿಂಪಡಣೆಗೆ ಹೊಸದಾಗಿಯೇ ಸುತ್ತು ಹಾಕಬೇಕು, ಹಳೆಯ ನಕ್ಷೆಯನ್ನು ಹಾಗೇ ತೆರೆದು ಹಾರಿಸಬಾರದು.

11 ಕೆ.ವಿ. ಲೈನಿನಿಂದ ಅಡ್ಡಡ್ಡವಾಗಿ ಕನಿಷ್ಠ 15 ಮೀಟರ್ ಬಿಟ್ಟು ಗಡಿ ಹಾಕಿ. ಮೇಲೆ ಹೇಳಿದ ನಿಲ್ಲುವ ದೂರಕ್ಕೆ ಜಿಪಿಎಸ್‌ನ ಒಂದೆರಡು ಮೀಟರ್ ವ್ಯತ್ಯಾಸ ಸೇರಿದರೆ ಅದಕ್ಕಿಂತ ಕಡಿಮೆಗೆ ಇಳಿಸಲಾಗದು. ಹಾರುವ ಸಾಲುಗಳನ್ನು ಲೈನಿಗೆ ಸಮಾನಾಂತರವಾಗಿ ಹಾಕಿ. ಲೈನಿನ ಕಡೆಗೆ ಓಡಿ ಅಂಚಿನಲ್ಲಿ ತಿರುಗುವ ಸಾಲು ಹಾಕಿದರೆ ಪ್ರತಿ ತಿರುವಿನಲ್ಲೂ ಒಂದು ಅಪಾಯ ಎದುರಾಗುತ್ತದೆ. ಸಮಾನಾಂತರವಾದರೆ ಒಂದೇ ಒಂದು ಸಾಲು ಲೈನಿಗೆ ಹತ್ತಿರ ಬರುತ್ತದೆ. ತಂತಿಯ ಕೆಳಗಿನಿಂದ ತೂರಿಸುವುದು, ಮೇಲಿಂದ ದಾಟಿಸುವುದು ಎರಡೂ ಬೇಡ. ತಂತಿಯ ಆಚೆ ಗದ್ದೆ ಉಳಿದಿದ್ದರೆ ಡ್ರೋನನ್ನು ಹೊತ್ತುಕೊಂಡು ಆಚೆ ಹೋಗಿ ಅಲ್ಲಿಂದ ಹಾರಿಸಿ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಕಡೆಯಿಂದ ಬರುವ ದೊಡ್ಡ ಗೋಪುರಗಳ ಸಾಲು ಹತ್ತಿರವಿದ್ದರೆ ದೂರ ಇನ್ನೂ ಹೆಚ್ಚಿರಲಿ, ಅಲ್ಲಿ ದಿಕ್ಸೂಚಿಯೂ ಗೊಂದಲಕ್ಕೆ ಬೀಳುತ್ತದೆ. ಬಿಟ್ಟ ಪಟ್ಟಿಗೆ ಬೆನ್ನ ಪಂಪು ಇದ್ದೇ ಇದೆ.

ಇಳಿಜಾರಿನ ಜಾಗಕ್ಕೆ ಸೇರಿದ ಇನ್ನೊಂದು ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಬ್ಯಾಟರಿ ಇಳಿದಾಗ ಅಥವಾ ರಿಮೋಟ್‌ನ ಸಂಪರ್ಕ ತಪ್ಪಿದಾಗ ಡ್ರೋನ್ ‘ರಿಟರ್ನ್ ಟು ಹೋಮ್’ ಸ್ಥಿತಿಗೆ ಹೋಗಿ, ಮೊದಲೇ ಕೊಟ್ಟ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರ ಗೆರೆಯಲ್ಲಿ ಬರುತ್ತದೆ. ಆ ಎತ್ತರವನ್ನು ಅದು ಅಳೆಯುವುದು ಹೊರಟ ಜಾಗದಿಂದ. ನೀವು ಕೆಳಗಿನ ಗದ್ದೆಯ ಹುಣಿಯಿಂದ (ಬದುವಿನಿಂದ) ಹಾರಿಸಿದ್ದೀರಿ ಎನ್ನೋಣ. ತೋಟದ ಮೇಲಂಚು ಅಲ್ಲಿಂದ 12 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಅಡಿಕೆ ಮರ 18 ಮೀಟರ್, ಒಂದು ಹಳೆಯ ತೆಂಗು 22 ಮೀಟರ್. ತೆಂಗಿನ ತುದಿ ಹುಣಿಯಿಂದ 34 ಮೀಟರ್ ಮೇಲಿದೆ. ರಿಟರ್ನ್ ಎತ್ತರ 20 ಮೀಟರ್ ಎಂದಿದ್ದರೆ ಡ್ರೋನ್ ತೋಟದ ನಡುವಿಗೇ ನುಗ್ಗುತ್ತದೆ, ಪೈಲಟ್ ಏನೂ ತಪ್ಪು ಮಾಡದಿದ್ದರೂ. ಇಂಥ ಜಾಗದಲ್ಲಿ 45 ಮೀಟರ್ ಕೊಡಿ. ಪ್ರತಿ ಹೊಸ ಜಾಗದಲ್ಲೂ ಮೊದಲ ಹಾರಾಟಕ್ಕೆ ಮುಂಚೆ ಈ ಸಂಖ್ಯೆಯನ್ನು ಪೈಲಟ್ ಬಾಯಿಬಿಟ್ಟು ಓದಬೇಕು, ಸಹಾಯಕ ಕೇಳಿಸಿಕೊಳ್ಳಬೇಕು.

ನೆಲದಿಂದ ಎತ್ತರ ಅಳೆದುಕೊಂಡು ಹಾರುವ ರಾಡಾರ್ ಬೈಲು, ಮಜಲು, ಬೆಟ್ಟು ಎಂದು ಮೆಟ್ಟಿಲಾಗಿರುವ ಗದ್ದೆಗಳಲ್ಲಿ ನೆರವಾಗುತ್ತದೆ. ಅಡಿಕೆ ತೋಟದ ಮೇಲೆ ಅದೇ ರಾಡಾರ್ ಮೋಸ ಮಾಡುತ್ತದೆ. 2.7 ಮೀಟರ್ ಅಂತರದ ಮರಗಳ ನಡುವಿನ ಸಂದಿಯಲ್ಲಿ ಅಲೆ ಸೀದಾ ನೆಲಕ್ಕೆ ಹೋಗಿ ಬರುತ್ತದೆ. ‘ನಾನು ತುಂಬ ಎತ್ತರದಲ್ಲಿದ್ದೇನೆ’ ಎಂದುಕೊಂಡು ಡ್ರೋನ್ ತಗ್ಗುತ್ತದೆ, ಮುಂದಿನ ಮರದ ಸೋಗೆಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಸಿಕ್ಕಿ ಬಿದ್ದ 24-25 ಕಿಲೋ ತೂಕದ ಯಂತ್ರ 20 ಮೀಟರಿನಿಂದ ನೆಲಕ್ಕೆ ಬರುವಾಗ ಅದರ ವೇಗ ಗಂಟೆಗೆ ಸುಮಾರು 70 ಕಿ.ಮೀ. ಕೆಳಗೆ ಹುಲ್ಲು ಹೆರೆಯುವವರು, ಅಡಿಕೆ ಹೆಕ್ಕುವವರು ಇದ್ದರೆ ಹಾಳೆ ಟೊಪ್ಪಿ ಕಾಪಾಡುವುದಿಲ್ಲ. ಮರಗಳ ಮೇಲೆ ಹಾರಿಸಲೇಬೇಕಾದ ಸಂದರ್ಭದಲ್ಲಿ ರಾಡಾರ್ ಅನುಸರಣೆಯನ್ನು ಆಫ್ ಮಾಡಿ, ಆ ಸಾಲಿನ ಅತಿ ಎತ್ತರದ ಮರಕ್ಕಿಂತ 3 ಮೀಟರ್ ಮೇಲೆ ಒಂದೇ ಎತ್ತರದಲ್ಲಿ ಹಾರಿಸಬೇಕು, ತೋಟದೊಳಗೆ ಒಬ್ಬರೂ ಇರಬಾರದು.

ಈಗ ಕೊಳೆರೋಗ. ಎಕರೆಗೆ ಸುಮಾರು 550 ಮರ, ಡ್ರೋನ್ ಎಕರೆಗೆ ಬಿಡುವುದು ಸುಮಾರು 10 ಲೀಟರ್. ಮರಕ್ಕೆ 18 ಮಿಲಿಲೀಟರ್ ಬಂತು. ಅದೂ ಮೇಲಿಂದ ಬೀಳುತ್ತದೆ. ಮೊದಲು ಸಿಗುವುದು ಎಂಟು ಹತ್ತು ಸೋಗೆ, ಗೊನೆ ಇರುವುದು ಅವುಗಳ ಕೆಳಗೆ. ಬೋರ್ಡೋ ಒಳಗೆ ಇಳಿದು ಗುಣಪಡಿಸುವ ಮದ್ದಲ್ಲ, ಕಾಯಿಯ ಮೇಲೆ ಲೇಪವಾಗಿ ಕೂತರಷ್ಟೇ ಶಿಲೀಂಧ್ರವನ್ನು ತಡೆಯುತ್ತದೆ. ಲೇಪ ಬೀಳದ ಕಾಯಿಗೆ ರಕ್ಷಣೆ ಇಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎನ್ನುವ ಶೇ. 1ರ ದ್ರಾವಣವನ್ನೇ ಬಿಟ್ಟರೆ ಪ್ರಮಾಣ ಸಾಲದು. ದಪ್ಪ ಮಾಡಿದರೆ ಸುಣ್ಣದ ಕಣ ನಾಝಲನ್ನೂ ಫಿಲ್ಟರನ್ನೂ ಕಟ್ಟುತ್ತದೆ, ತಾಮ್ರವು ಪಂಪಿನ ಲೋಹದ ಭಾಗಗಳನ್ನು ತಿನ್ನುತ್ತದೆ. ಒಂದು ಬದಿಯ ನಾಝಲ್ ಕಟ್ಟಿದರೆ ಡ್ರೋನ್ ಹಾರಾಡುತ್ತಲೇ ಇರುತ್ತದೆ, ಮದ್ದು ಬಿದ್ದಿದೆ ಎಂದು ನೀವು ನೆಮ್ಮದಿಯಲ್ಲಿರುತ್ತೀರಿ, ಗೊತ್ತಾಗುವುದು ಕಾಯಿ ಉದುರಿದಾಗ. ಮೇ ಕೊನೆ ಅಥವಾ ಜೂನ್ ಮೊದಲಿಗೆ ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಗೊನೆಗೇ ಮದ್ದು ಬೀಳಬೇಕು. ಮರ ಹತ್ತುವವರು ಸಿಗದಿದ್ದರೆ ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದ ಕೋಲು, ಅಂದರೆ ದೋಟಿ, ಸರಿಯಾದ ದಾರಿ. ಆದರೆ ಒಂದು ಮಾತು: ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ಮೇಲಂಚಿನ ಲೈನಿನ ಪಕ್ಕದ ಸಾಲುಗಳಲ್ಲಿ ದೋಟಿ ಎತ್ತುವ ಮೊದಲು ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ, ಆಫ್ ಆದದ್ದು ಖಾತ್ರಿಯಾದ ಮೇಲಷ್ಟೇ ಎತ್ತಿ.

ಮದ್ದು ಗಾಳಿಯಲ್ಲಿ ತೇಲಿಹೋಗುವ ವಿಷಯಕ್ಕೆ ಬರುತ್ತೇವೆ. ನಿಮ್ಮ ಜಾಗದಲ್ಲಿ ತಂತಿಗಿಂತ ಇದೇ ದೊಡ್ಡದು, ಏಕೆಂದರೆ ತಂತಿಗೆ ಬಡಿದರೆ ಹೋಗುವುದು ಯಂತ್ರ, ಇಲ್ಲಿ ನೆರೆಮನೆಯ ಬಾಳು ಇದೆ. ಹನಿಯ ಗಾತ್ರವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. 400 ಮೈಕ್ರಾನ್ ಹನಿ 3 ಮೀಟರ್ ಎತ್ತರದಿಂದ ಸುಮಾರು ಎರಡು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಸೆಕೆಂಡಿಗೆ 2 ಮೀಟರ್ ಗಾಳಿಗೆ, ಅಂದರೆ ಎಲೆ ಅಲುಗುವಷ್ಟು ಗಾಳಿಗೆ, 4 ಮೀಟರ್ ಸರಿಯುತ್ತದೆ. 100 ಮೈಕ್ರಾನ್ ಹನಿಗೆ ಅದೇ ಎತ್ತರದಿಂದ ಬೀಳಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು, 20 ಮೀಟರ್ ಆಚೆ ಹೋಗಿರುತ್ತದೆ. ಅದೇ ಸಣ್ಣ ಹನಿ ಅಡಿಕೆ ಮರದ ತಲೆಯಿಂದ, 20 ಮೀಟರ್ ಎತ್ತರದಿಂದ, ಸೋಗೆಗೆ ತಾಗದೆ ತಪ್ಪಿಸಿಕೊಂಡರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೇಲಿ 140 ಮೀಟರ್ ದೂರ ಹೋಗಬಲ್ಲದು. ದಾರಿಯಲ್ಲಿ ನೀರು ಆರಿ ಹನಿ ಇನ್ನೂ ಸಣ್ಣದಾಗುವುದರಿಂದ ನಿಜವಾದ ದೂರ ಇನ್ನೂ ಹೆಚ್ಚಿರುತ್ತದೆ. ಪ್ರೊಪೆಲ್ಲರ್‌ನ ಗಾಳಿ ಹನಿಯನ್ನು ಕೆಳಗೆ ದೂಡುವುದು ನಿಜ, ಆದರೆ ಅಂಚಿನಲ್ಲಿ ಅದೇ ಗಾಳಿ ಸುರುಳಿ ಸುತ್ತಿ ಸಣ್ಣ ಹನಿಗಳನ್ನು ಮೇಲಕ್ಕೂ ಎತ್ತುತ್ತದೆ. ಗದ್ದೆಗೆ ಹೌದು, ತೋಟಕ್ಕೆ ಬೇಡ ಎಂದದ್ದು ಈ ಲೆಕ್ಕದಿಂದ.

ಇದು ನಮ್ಮ ಜಿಲ್ಲೆಗಳಿಗೆ ಪುಸ್ತಕದ ಲೆಕ್ಕವಷ್ಟೇ ಅಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ, ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರು. ಗುಡ್ಡದ ಮೇಲೆ ತೋಟ, ಇಳಿಜಾರಿನಲ್ಲಿ ಮನೆ, ತೆರೆದ ಬಾವಿ, ತೋಡು. ಅಲ್ಲಿನ ಕುಟುಂಬಗಳು ಇಂದಿಗೂ ಅದರ ನೋವು ಹೊತ್ತಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಈಗಿನ ಮದ್ದು ಬೇರೆ, ಯಂತ್ರ ಬೇರೆ, ಪ್ರಮಾಣ ಬೇರೆ. ಆದರೆ ಮೇಲಿಂದ ಬಿಟ್ಟದ್ದು ಎಲ್ಲಿ ಬೀಳುತ್ತದೆ ಎಂದು ಕೇಳುವ ಹಕ್ಕು ಕೆಳಗೆ ಬದುಕುವವರಿಗೆ ಇದೆ, ಉತ್ತರಿಸುವ ಹೊಣೆ ಹಾರಿಸುವವರದು.

ಕರಾವಳಿಯಲ್ಲಿ ಕೆಲಸದ ಹೊತ್ತು ಬೆಳಗಿನ ಆರೂವರೆಯಿಂದ ಒಂಬತ್ತೂವರೆ. ಹತ್ತು ಹನ್ನೊಂದರ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಬಲಿಯುತ್ತದೆ. ಏಪ್ರಿಲ್-ಮೇ ಸಂಜೆಯ ಗುಡುಗುಮಳೆಗೆ ಮುಂಚೆ ಬೀಸುವ ಗಾಳಿ ಒಮ್ಮೆಲೇ ಬರುತ್ತದೆ, ಆಗ ಡ್ರೋನ್ ಮೇಲಿದ್ದರೆ ಕಷ್ಟ. ಗಾಳಿ ಅಳೆಯುವ ಕೈಯಂತ್ರ ಇಟ್ಟುಕೊಳ್ಳಿ. ಸೆಕೆಂಡಿಗೆ 3 ಮೀಟರ್ ದಾಟಿದರೆ ಅಂದಿನ ಕೆಲಸ ಅಲ್ಲಿಗೆ ನಿಲ್ಲಲಿ. ಗಾಳಿಯೇ ಇಲ್ಲದಿರುವುದೂ ಒಳ್ಳೆಯದಲ್ಲ ಎನ್ನುವುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಡಿಸೆಂಬರ್-ಜನವರಿಯ ಮುಂಜಾನೆ ಒಲೆಯ ಹೊಗೆ ಮೇಲೇರದೆ ಬೈಲಿನ ಮೇಲೆ ಹಾಸಿಕೊಂಡಿದ್ದರೆ, ಮದ್ದಿನ ಸಣ್ಣ ಹನಿಗಳೂ ಹಾಗೆಯೇ ತೇಲಿ ನಿಧಾನವಾಗಿ ತಗ್ಗಿನ ಮನೆಗಳ ಕಡೆ ಸರಿಯುತ್ತವೆ. ಬಿಸಿಲು ಏರಿ ಹೊಗೆ ಮೇಲೇಳುವವರೆಗೆ ಕಾಯಿರಿ. ಗಾಳಿ ಬಾವಿಯ ಕಡೆಯಿಂದ, ಮಲ್ಲಿಗೆಯ ಕಡೆಯಿಂದ ನಿಮ್ಮ ಗದ್ದೆಯ ಕಡೆಗೆ ಮೆಲ್ಲಗೆ ಬೀಸುತ್ತಿರುವ ಬೆಳಗು ಎಲ್ಲಕ್ಕಿಂತ ಉತ್ತಮ.

ಬಾವಿಗೂ ಮಲ್ಲಿಗೆಗೂ ಕನಿಷ್ಠ 30 ಮೀಟರ್ ಬಿಟ್ಟು ಗಡಿ ಹಾಕಿ, ಬಾವಿಯ ಬಾಯಿಗೆ ಹಿಂದಿನ ರಾತ್ರಿಯೇ ಟಾರ್ಪಾಲು ಬಿಗಿದು ಕಟ್ಟಿ. ನಾಝಲ್ ಆಯ್ಕೆಯಲ್ಲಿ ದಪ್ಪ ಹನಿ ಬೀಳುವುದನ್ನು ತೆಗೆದುಕೊಳ್ಳಿ. ಮಂಜಿನಂತೆ ಸಣ್ಣಗೆ ಹೋದರೆ ಚೆನ್ನಾಗಿ ಹರಡುತ್ತದೆ ಎನ್ನುವ ಮಾತಿಗೆ ಮರುಳಾಗಬೇಡಿ. ಶಂಕರಪುರ ಮಲ್ಲಿಗೆ ಬೆಳಿಗ್ಗೆ ಕೊಯ್ದು ಅಂದೇ ಮಾರಾಟವಾಗಿ ಅಂದೇ ಮುಡಿಗೇರುವ ಹೂವು, ತೊಳೆಯುವ ಮಾತೇ ಇಲ್ಲ. ಹಾಗಾಗಿ ‘ಕೊಯ್ಲು ಮುಗಿದ ಮೇಲೆ ಬಿಡುತ್ತೇವೆ’ ಎನ್ನುವುದು ಪರಿಹಾರವಲ್ಲ, ನಾಳೆಯ ಮೊಗ್ಗು ಗಿಡದಲ್ಲೇ ಇರುತ್ತದೆ. ತೋಟದ ಒಳಗೂ ಇದೇ ಮಾತು: ಅಡಿಕೆಗೆ ಒಪ್ಪಿಗೆಯಾದ ಮದ್ದು ಅದರಡಿಯ ವೀಳ್ಯದೆಲೆಗೆ, ಬಾಳೆಗೆ, ಕಾಳುಮೆಣಸಿಗೆ ಒಪ್ಪಿಗೆಯಾದದ್ದಲ್ಲ. ತೋಟದ ಹುಲ್ಲನ್ನು ಹಸುವಿಗೆ ಹಾಕುವ ಮನೆಯಾದರೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಹಾಕಬಾರದು.

ಜೇನುಪೆಟ್ಟಿಗೆಯವರಿಗೆ ಹಿಂದಿನ ದಿನವೇ ತಿಳಿಸಿ. ರಾತ್ರಿ ಹುಳು ಒಳಸೇರಿದ ಮೇಲೆ ಗಾಳಿಯಾಡುವ ಜಾಲರಿಯಿಂದ ಬಾಗಿಲು ಮುಚ್ಚಿ, ಬೆಳಗಿನ ಸಿಂಪಡಣೆ ಮುಗಿದು ಎಲೆ ಒಣಗಿದ ಮೇಲೆ ತೆರೆಯಬೇಕು. ಅದಕ್ಕಿಂತ ಪೆಟ್ಟಿಗೆಯನ್ನೇ ದೂರ ಒಯ್ದರೆ ಮೇಲು. ಭತ್ತ ಹೂಬಿಡುವ ದಿನಗಳಲ್ಲಿ ಕೀಟನಾಶಕ ಬಿಡಲೇಬೇಡಿ. ಹೆಜ್ಜೇನಿನ ಅಪಾಯ ಬೇರೆ ಬಗೆಯದು. ಗದ್ದೆಯಂಚಿನ ದೊಡ್ಡ ಮರದಲ್ಲಿ ತಟ್ಟಿ ಇದ್ದರೆ ಡ್ರೋನ್‌ನ ಗಾಳಿ ಮತ್ತು ಸದ್ದಿಗೆ ಅವು ಏಳುತ್ತವೆ, ಆಮೇಲೆ ಪೈಲಟ್ ರಿಮೋಟ್ ಹಿಡಿದು ನಿಂತಿರಲಾರ. ಮೇಲಿರುವ ಯಂತ್ರ, ಕೆಳಗೆ ಓಡುವ ಜನ ಎರಡೂ ಅಪಾಯದಲ್ಲಿ. ಹಿಂದಿನ ದಿನದ ಸುತ್ತಿನಲ್ಲಿ ಕತ್ತೆತ್ತಿ ಮರಗಳನ್ನೂ ನೋಡಬೇಕು, ತಟ್ಟಿ ಕಂಡರೆ ಆ ಬದಿಯನ್ನು ಬಿಡಬೇಕು. ಗರುಡ, ಹದ್ದು ಎರಗಿದರೆ ಮದ್ದು ನಿಲ್ಲಿಸಿ, ತಪ್ಪಿಸಲು ಅತ್ತಿತ್ತ ಆಡಿಸದೆ ಇಳಿಸಿಬಿಡಿ.

ಮದ್ದು ಬೆರೆಸುವವರು ಪೈಲಟ್‌ಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಎಕರೆಗೆ 100 ಮಿಲಿಲೀಟರ್ ಎಂದಿರುವ ಮದ್ದನ್ನು ಕೈಪಂಪಿನಲ್ಲಿ 200 ಲೀಟರಿಗೆ ಬೆರೆಸುತ್ತಿದ್ದಿರಿ. ಈಗ ಅಷ್ಟನ್ನೇ 10 ಲೀಟರಿಗೆ ಬೆರೆಸುತ್ತೀರಿ. ಕೈಮೇಲೆ ಚೆಲ್ಲುವ ಒಂದೊಂದು ಹನಿಯೂ 20 ಪಟ್ಟು ಗಾಢ. ನೈಟ್ರೈಲ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಪ್ಲಾಸ್ಟಿಕ್ ಮುಂಗವಚ, ಗಂಬೂಟು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇಬೇಕು; ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಒದ್ದೆಯಾಗಿ ಮುಖಕ್ಕೆ ಅಂಟಿದರೆ ಇನ್ನೂ ಕೆಟ್ಟದ್ದು. ಎರಡು ಮದ್ದು ಸೇರಿಸುವುದಿದ್ದರೆ ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಅದೇ ಗಾಢತೆಯಲ್ಲಿ ಬೆರೆಸಿ ಅರ್ಧ ಗಂಟೆ ನೋಡಿ. 200 ಲೀಟರಿನಲ್ಲಿ ಹೊಂದಿಕೊಂಡದ್ದು 10 ಲೀಟರಿನಲ್ಲಿ ಮೊಸರಾಗಬಹುದು. ತಲೆಸುತ್ತು, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಚುಕ್ಕಿಯಷ್ಟಾಗುವುದು ಕಂಡರೆ ಬಟ್ಟೆ ಕಳಚಿ ಮೈಗೆ ಸಾಬೂನು ನೀರು ಹಾಕಿ, 108ಕ್ಕೆ ಕರೆ ಮಾಡಿ, ಮದ್ದಿನ ಬಾಟಲಿಯನ್ನೋ ಲೇಬಲನ್ನೋ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ವೈದ್ಯರಿಗೆ ಹೊತ್ತು ಉಳಿಯುತ್ತದೆ. ಟ್ಯಾಂಕ್ ತೊಳೆದ ನೀರನ್ನು ಮೂರು ಸಲವೂ ಸಿಂಪಡಿಸಿದ ಗದ್ದೆಗೇ ಬಿಡಿ, ತೋಡಿಗಲ್ಲ.

ಪ್ರೊಪೆಲ್ಲರ್ ಗಾಯಗಳು ಹಾರಾಟದಲ್ಲಿ ಆಗುವುದಕ್ಕಿಂತ ಬ್ಯಾಟರಿ ಬದಲಿಸುವ ಆತುರದಲ್ಲಿ ಆಗುತ್ತವೆ. ರೆಕ್ಕೆ ಪೂರ್ತಿ ನಿಂತು, ಪೈಲಟ್ ‘ಲಾಕ್ ಆಗಿದೆ’ ಎಂದು ಕೂಗಿದ ಮೇಲೆ ಮಾತ್ರ ಹತ್ತಿರ ಹೋಗಬೇಕು. ಹಾರುವಾಗ ಎಲ್ಲರೂ 15 ಮೀಟರ್ ದೂರದಲ್ಲಿ, ಗಾಳಿ ಬರುವ ಕಡೆ. ಮುಂಡು, ಬೈರಾಸು, ಬಿಡಿ ಟೊಪ್ಪಿ ಬೇಡ. ಅಂಗಳದಲ್ಲಿ ಇಳಿಸುವುದಾದರೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹಾಳೆ, ಒಣ ಸೋಗೆ, ಬಿಡಿ ಶೀಟುಗಳನ್ನು ಮೊದಲು ಸರಿಸಿ. ಅವು ಹಾರಿ ರೆಕ್ಕೆಗೆ ಸಿಕ್ಕಿದರೆ ಯಂತ್ರ ಅಲ್ಲೇ ಮಗುಚುತ್ತದೆ. ತುಂಬಿದ ಟ್ಯಾಂಕಿನೊಂದಿಗೆ ನೇರ ಕೆಳಗೆ ಬೇಗ ಇಳಿಸಬಾರದು. ತಾನೇ ತಳ್ಳಿದ ಗಾಳಿಯೊಳಕ್ಕೆ ಕುಸಿದರೆ ಎಷ್ಟು ಬಲ ಕೊಟ್ಟರೂ ಏಳುವುದಿಲ್ಲ. ಹಾಗಾದರೆ ಮೇಲಕ್ಕೆಳೆಯುವ ಬದಲು ಮುಂದಕ್ಕೆ ಸರಿಸಿ ಹೊಸ ಗಾಳಿಗೆ ತರಬೇಕು. ಲಿಥಿಯಂ ಬ್ಯಾಟರಿ ಊದಿದ್ದರೆ ಆ ದಿನದಿಂದ ಅದಕ್ಕೆ ಕೆಲಸವಿಲ್ಲ. ಬಿಸಿ ಇಳಿಯುವ ಮುಂಚೆ ಚಾರ್ಜಿಗೆ ಹಾಕಬೇಡಿ, ಮನೆಯೊಳಗೆ ಹಾಕಲೇಬೇಡಿ, ಬದಿಯಲ್ಲಿ ಎರಡು ಬಕೆಟ್ ಹೊಯಿಗೆ (ಮರಳು) ಇರಲಿ. ಉಪ್ಪುಗಾಳಿಗೆ ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ, ವಾರಕ್ಕೊಮ್ಮೆ ನೋಡಿ.

ಕಾನೂನಿನ ಕಡೆ ಹೆಚ್ಚು ಹೇಳುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಯಂತ್ರಕ್ಕೆ ನೋಂದಣಿ ಸಂಖ್ಯೆ, ಆ ಮಾದರಿಗೆ ಟೈಪ್ ಸರ್ಟಿಫಿಕೇಟ್, ಮಗನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್, ಮೂರನೆಯವರಿಗೆ ಹಾನಿಯಾದರೆ ತುಂಬಿಕೊಡುವ ವಿಮೆ ಬೇಕು. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ. ವಿಮಾನ ನಿಲ್ದಾಣದ ಆವರಣದಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, 8ರಿಂದ 12 ಕಿ.ಮೀ. ನಡುವೆ 60 ಮೀಟರಿಗಿಂತ ಮೇಲೆ ಹೋಗುವಂತಿಲ್ಲ. ಶಿರ್ವಕ್ಕೆ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದ ತೊಂದರೆ ಇಲ್ಲ. ಆದರೆ ಕಂಪನಿಯವರು ಡ್ರೋನನ್ನು ಗುರುಪುರ, ಕೈಕಂಬ, ಕಟೀಲು ಕಡೆಗೆ ಬಾಡಿಗೆಗೆ ಒಯ್ದರೆ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎತ್ತಬಾರದು.

ಇಷ್ಟೆಲ್ಲ ನೋಡಿಕೊಂಡೂ ಡ್ರೋನ್ ತಂತಿಗೆ ಸಿಕ್ಕಿಕೊಂಡರೆ ಅದನ್ನು ಮರೆತುಬಿಡಿ. ಅದರ ತೋಳುಗಳೂ ಕಾರ್ಬನ್ ಫೈಬರ್. ಒದ್ದೆ ಬಿದಿರು, ದೋಟಿ, ಏಣಿ ಯಾವುದರಿಂದಲೂ ಮುಟ್ಟಬೇಡಿ. ತಂತಿ ತುಂಡಾಗಿ ನೀರು ನಿಂತ ಗದ್ದೆಗೆ ಬಿದ್ದಿದ್ದರೆ ಆ ಗದ್ದೆಗೆ ಇಳಿಯಲೇಬೇಡಿ, ಇತರರನ್ನೂ ದನಕರುಗಳನ್ನೂ ದೂರ ಇಟ್ಟು ಮೆಸ್ಕಾಂನ 1912ಕ್ಕೆ ಕರೆ ಮಾಡಿ ಕಾಯಿರಿ.

ಮಗನ ಜೊತೆ ಒಬ್ಬ ಸಹಾಯಕ ಯಾವಾಗಲೂ ಇರಲಿ. ಅವನ ಕಣ್ಣು ಡ್ರೋನ್‌ನ ಮೇಲಲ್ಲ, ಅದರ ಮುಂದಿನ ದಾರಿಯ ಮೇಲೆ. ನಿಲ್ಲಿಸಲು ಇಬ್ಬರೂ ಒಪ್ಪಿದ ಒಂದೇ ಪದ ಇರಬೇಕು, ತುಳುವಿನಲ್ಲಾದರೆ ‘ಉಂತು’. ಕೇಳಿದ ಕೂಡಲೇ ಏಕೆ ಎಂದು ಕೇಳದೆ ನಿಲ್ಲಿಸಬೇಕು. ನಾಲ್ಕೈದು ಬ್ಯಾಟರಿ ಮುಗಿದಾಗ ನೆರಳಿಗೆ ಹೋಗಿ ನೀರು ಕುಡಿದು ಕೂರಲಿ, ‘ಇನ್ನೊಂದೇ ಗದ್ದೆ’ ಎಂದು ಎಳೆಯುವುದು ಬೇಡ. ಮೊದಲ ಕೆಲವು ದಿನ ಟ್ಯಾಂಕಿಗೆ ಬರೀ ನೀರು ತುಂಬಿ ಗದ್ದೆಯ ಮೇಲೆ ಹಾರಿಸಿ. ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ಸಿಗುತ್ತದೆ. ಅದರ ತುಂಡುಗಳನ್ನು ಗದ್ದೆಯೊಳಗೆ, ಗಡಿಯಲ್ಲಿ, ಬಾವಿಕಟ್ಟೆಯ ಮೇಲೆ, ಮಲ್ಲಿಗೆ ಗಿಡಗಳ ನಡುವೆ ಇಡಿ. ಬಾವಿಕಟ್ಟೆಯ ಕಾಗದದಲ್ಲಿ ಒಂದೆರಡು ಚುಕ್ಕಿ ಕಂಡರೂ ಗಡಿಯನ್ನು ಇನ್ನೂ 10 ಮೀಟರ್ ಒಳಗೆ ಸರಿಸಿ ಮತ್ತೆ ಹಾರಿಸಿ ನೋಡಿ. ನಮ್ಮ ಕಡೆಯ ತೇವಕ್ಕೆ ಆ ಕಾಗದ ತಾನಾಗಿಯೇ ನೀಲಿಯಾಗುವುದುಂಟು, ಹಾಗಾಗಿ ಹಾರಿಸುವ ಹೊತ್ತಿಗೆ ಇಟ್ಟು, ಡ್ರೋನ್ ಇಳಿದ ಕೂಡಲೇ ಎತ್ತಿ ಒಣ ಡಬ್ಬದಲ್ಲಿ ಹಾಕಿ ನೋಡಬೇಕು. ಮುಟ್ಟುವಾಗ ಬೆವರ ಕೈಯೂ ತಾಗಬಾರದು.